ಮಾತಾಡಿಸಿಕೊಂಡು ಬರುವ ಕಾಲ

ನಮ್ಮ ಮನೆಗೆ ಕ್ಯಾಲೆಂಡರ್ ಬೇಕಾಗಿಲ್ಲ. ಎದುರಿಗೇ ಒಂದು ಕ್ಲಿನಿಕ್ಕಿದೆ. ಅದರ ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಗಳನ್ನು ನೋಡಿ ಯಾವ ತಿಂಗಳು ನಡೆಯುತ್ತಿದೆ ಎಂದು ನಾನು ಹೇಳಬಲ್ಲೆ. ಜೂನ್ ಮುಗಿಯುವ ಹೊತ್ತಿಗೆ ಪುಟ್ಟ ಪುಟ್ಟ ಕಪ್ಪು ಬೂಟುಗಳು ಬರುತ್ತವೆ. ಶಾಲೆ ಶುರುವಾಗಿ ಒಬ್ಬರ ನೆಗಡಿ ಇನ್ನೊಬ್ಬರಿಗೆ ಹಂಚಿಕೆಯಾಗಿದೆ ಎಂದು ಅರ್ಥ. ಭಾದ್ರಪದದಲ್ಲಿ ಕೆಸರು ಮೆತ್ತಿದ ಹವಾಯಿ ಚಪ್ಪಲಿಗಳು ಮೆಟ್ಟಿಲಿಳಿದು ರಸ್ತೆಯವರೆಗೆ ಹರಡಿಕೊಳ್ಳುತ್ತವೆ. ಅದು ಡೆಂಗಿ, ಟೈಫಾಯ್ಡ್ ಮತ್ತು ಹೆಸರಿಲ್ಲದ ಜ್ವರಗಳ ಕಾಲ. ಚಳಿ ಬಿದ್ದಮೇಲೆ ನನ್ನ ವಯಸ್ಸಿನವರ ಕ್ಯಾನ್ವಾಸ್ ಶೂಗಳು, ಒಳಗಿನಿಂದ ಕೆಮ್ಮು. ಏಪ್ರಿಲ್ ಬಿಸಿಲಿಗೆ ಮೆಟ್ಟಿಲು ಖಾಲಿ. ಆಗ ಕಾಯಿಲೆ ಇಲ್ಲವೆಂದಲ್ಲ. ಆಗ ಬರುವವಳು ಅಮ್ಮ. ಮೈಮೇಲೆ ಗುಳ್ಳೆ ಎದ್ದ ಮನೆಯವರು ಡಾಕ್ಟರ ಹತ್ತಿರ ಬರುವುದಿಲ್ಲ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಒಳಗೆ ಕೂತುಬಿಡುತ್ತಾರೆ.

ನಾನು ಜೀವಮಾನವೆಲ್ಲ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿದವನು. ನಿವೃತ್ತನಾಗಿ ದಾವಣಗೆರೆಯ ಎಂ.ಸಿ.ಸಿ. 'ಬಿ' ಬ್ಲಾಕಿನ ಈ ಮನೆಯ ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕೂತಮೇಲೆ ಹೀಗೆ ಪರರ ಚಪ್ಪಲಿ ಎಣಿಸುವ ಕೆಲಸ ಅಂಟಿಕೊಂಡಿದೆ. ಕೂತು ಕೂತು ಒಂದು ಸಿದ್ಧಾಂತವನ್ನೂ ಕಟ್ಟಿದೆ. ಭೂಮಿ ನೆಟ್ಟಗೆ ನಿಂತಿಲ್ಲ, ಇಪ್ಪತ್ಮೂರೂವರೆ ಡಿಗ್ರಿ ವಾಲಿಕೊಂಡಿದೆ. ವಾಲಿದ್ದರಿಂದ ಋತುಗಳು. ಋತುಗಳಿಂದ ಮಳೆ, ಚಳಿ, ಸೆಕೆ. ಅವುಗಳಿಂದ ಜ್ವರ, ಕೆಮ್ಮು, ಗುಳ್ಳೆ. ಹಾಗಾಗಿ ನಮ್ಮ ಕಾಯಿಲೆಗಳಿಗೆಲ್ಲ ಮೂಲ ಕಾರಣ ಭೂಮಿ ಸೊಟ್ಟಗಿರುವುದು. ಇದನ್ನು ನನ್ನ ಹೆಂಡತಿ ಸುಮಂಗಲಾಗೆ, ಅವಳು ನೆಗಡಿಯಿಂದ ಮೂಗೊರೆಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ವಿವರಿಸಿದೆ. ಭೂಮಿ ಸೊಟ್ಟಗಿರುವುದಕ್ಕಲ್ಲ, ನೀವು ಫ್ಯಾನ್ ಆರಿಸದೆ ಮಲಗಿದ್ದಕ್ಕೆ ಎಂದು ಅವಳು ಅಲ್ಲಿಗೇ ಪಾಠ ಮುಗಿಸಿದಳು.

ಸಿದ್ಧಾಂತವೇನೋ ಚೆನ್ನಾಗಿತ್ತು, ಆದರೆ ಕೆದಕುತ್ತಾ ಹೋದಂತೆ ಅದರ ತುಂಬ ತೂತುಗಳು. ಮಳೆ ಬಂದರೆ ಚರಂಡಿ ನೀರು ಕುಡಿಯುವ ನೀರಿಗೆ ಸೇರುತ್ತದೆ, ವಾಂತಿಭೇದಿ ಶುರುವಾಗುತ್ತದೆ. ಸರಿ. ನೀರು ನಿಂತರೆ ಸೊಳ್ಳೆ, ಸೊಳ್ಳೆಯಿಂದ ಡೆಂಗಿ. ಅದೂ ಸರಿ. ಆದರೆ ನಮ್ಮೂರಲ್ಲಿ ಮಳೆಯೇ ಇಲ್ಲದ ದಿನಗಳಲ್ಲೂ ಡೆಂಗಿ ಉಂಟು. ನಲ್ಲಿ ನೀರು ದಿನಾ ಬರುವುದಿಲ್ಲ ಎಂದು ನಾವು ಡ್ರಮ್ಮು, ಬಕೆಟ್ಟು, ಒಡೆದ ಕೊಡ ಎಲ್ಲದರಲ್ಲೂ ತುಂಬಿಟ್ಟುಕೊಳ್ಳುತ್ತೇವಲ್ಲ, ಸೊಳ್ಳೆಗೆ ಅದೇ ಮಳೆಗಾಲ. ಚಳಿಯ ಒಣಗಾಳಿಯಲ್ಲಿ ಕೆಮ್ಮಿನ ಕ್ರಿಮಿ ಹೆಚ್ಚು ಹೊತ್ತು ಬದುಕುತ್ತದಂತೆ, ಕಿಟಕಿ ಮುಚ್ಚಿ ಒತ್ತೊತ್ತಾಗಿ ಕೂರುವುದರಿಂದ ಬೇಗ ಹರಡುತ್ತದಂತೆ. ಹಾಗಾದರೆ ಅಮ್ಮ ಯಾಕೆ ಬೇಸಿಗೆಯನ್ನೇ ಹುಡುಕಿಕೊಂಡು ಬರುತ್ತಾಳೆ? ಇದನ್ನು ಬಲ್ಲವರನ್ನು ಕೇಳಿದರೆ ಅವರೂ ಕೆನ್ನೆ ಕೆರೆದುಕೊಳ್ಳುತ್ತಾರೆ.

ಏರುವುದಕ್ಕಿಂತ ಇಳಿಯುವುದು ಇನ್ನೂ ಸೋಜಿಗ. ಜ್ವರದ ಅಲೆ ಬರುತ್ತದೆ, ಊರನ್ನೆಲ್ಲ ಮಲಗಿಸುತ್ತದೆ, ಒಂದು ದಿನ ಹೇಳದೆ ಕೇಳದೆ ಹೋಗುತ್ತದೆ. ನಾವು ಕಷಾಯಕ್ಕೆ ಹೆದರಿ ಹೋಯಿತು ಎಂದುಕೊಳ್ಳುತ್ತೇವೆ. ನಿಜವೆಂದರೆ ಎಷ್ಟೋ ಸಲ ಅದಕ್ಕೆ ಹಿಡಿಯಲು ಹೊಸ ಮೈ ಸಿಗುವುದಿಲ್ಲ. ಬರಬೇಕಾದವರಿಗೆಲ್ಲ ಬಂದು, ವಾಸಿಯಾದವರ ಮೈ ಅದರ ಗುರುತು ಹಿಡಿದುಕೊಂಡು, ಎರಡನೇ ಸಲ ಒಳಗೆ ಬಿಡುವುದಿಲ್ಲ. ಬಣವೆ ಉರಿದು ಮುಗಿದಮೇಲೆ ಬೆಂಕಿ ತಾನೇ ಆರಬೇಕು. ಮತ್ತೆ ಕೂಸುಗಳು ಹುಟ್ಟಿ, ಹಳೆಯ ಗುರುತು ಮರೆತು, ಹೊಸ ಹುಲ್ಲು ಕೂಡಿದಾಗ ಬೆಂಕಿಗೆ ಮತ್ತೆ ದಾರಿ. ಹಳೆಯ ವೈದ್ಯರು ಇಷ್ಟೆಲ್ಲ ಹೇಳಲಿಲ್ಲ. ಕಾರ್ತೀಕ ಮುಗಿದು ಮಾರ್ಗಶಿರ ಶುರುವಾಗುವ ಸಂದಿಗೆ ಯಮನ ಕೋರೆಹಲ್ಲು ಎಂದು ಹೆಸರಿಟ್ಟು, ಆಗ ಮಿತವಾಗಿ ಉಂಡವನು ಬದುಕಿದ ಎಂದುಬಿಟ್ಟರು. ನಮ್ಮ ಕಡೆ ಆಗ ಭತ್ತದ ಕೊಯ್ಲು. ಮಿತವಾಗಿ ಉಣ್ಣಿ ಎಂದು ಕೊಯ್ಲಿನವರಿಗೆ ಹೇಳಿದರೆ ಕುಡುಗೋಲು ಹಿಡಿದುಕೊಂಡೇ ಬಂದಾರು.

ಈ ಎಲ್ಲ ಕಾರಣಗಳ ಸಾಲಿಗೆ ನಾನು ಇನ್ನೊಂದನ್ನು ಸೇರಿಸಬೇಕು. ಇದು ಯಾವ ವೈದ್ಯರೂ ಹೇಳದ್ದು. ನಮ್ಮ ದಾವಣಗೆರೆ, ಹರಿಹರದ ಕಡೆಯವರಿಗೆ ಮಾತ್ರ ಥಟ್ಟನೆ ಅರ್ಥವಾಗುವಂಥದ್ದು: ಮಾತಾಡಿಸಿಕೊಂಡು ಬರುವುದು.

ಯಾರಿಗಾದರೂ ಹುಷಾರಿಲ್ಲ ಎಂದು ಕಿವಿಗೆ ಬಿತ್ತೋ, ಹೋಗಿ ಮಾತಾಡಿಸಿಕೊಂಡು ಬರಲೇಬೇಕು. ಮದುವೆಗೆ ಹೋಗದಿದ್ದರೆ ಕ್ಷಮೆಯುಂಟು, ಕಾಯಿಲೆಗೆ ಹೋಗದಿದ್ದರೆ ಇಲ್ಲ. ಕೈಯಲ್ಲಿ ಒಂದು ಬ್ರೆಡ್ಡು, ಒಂದು ಚಿಪ್ಪು ಬಾಳೆಹಣ್ಣು. ಅಮಾವಾಸ್ಯೆ ದಿನ ಹೋಗಬಾರದು. ಹೋದಮೇಲೆ ರೋಗಿಯ ಹಾಸಿಗೆಯ ಅಂಚಿಗೇ ಕೂರಬೇಕು, ಮುಟ್ಟಿ ನೋಡಬೇಕು, ಇದೇ ಕಾಯಿಲೆ ಬಂದು ಬದುಕಿದವರ ಕಥೆ ಹೇಳಬೇಕು. ಏಳುವಾಗ 'ಹೋಗಿ ಬರ್ತೀವಿ' ಎನ್ನಬಾರದು, ಮನೆಯವರೂ 'ಮತ್ತೆ ಬರ್ರಿ' ಎನ್ನಬಾರದು. ಕಾಯಿಲೆ ಮನೆಗೆ ಮತ್ತೆ ಬರುವಂತಾಗಬಾರದಲ್ಲ! ಸುಮ್ಮನೆ 'ಹುಷಾರು' ಎಂದು ಎದ್ದುಬಿಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ಕಾಯಿಲೆಗೆ ಒಂದೇ ಸಲ. ಅದೇ ಕಾಯಿಲೆಗೆ ಎರಡನೇ ಸಲ ಹೋದರೆ ಕೊನೆಯ ಸಲ ಮುಖ ನೋಡಲು ಬಂದಂತೆ. ಹಾಗೆ ಬಂದವರನ್ನು ಕಂಡು ಎದ್ದು ಕೂತಿದ್ದ ರೋಗಿಯೂ ಮಲಗಿಬಿಡುತ್ತಾನೆ.

ಈ ವಿದ್ಯೆಯಲ್ಲಿ ನನ್ನ ಅಕ್ಕ ಹಾಲಮ್ಮನನ್ನು ಮೀರಿಸಿದವರು ನಮ್ಮ ಬಳಗದಲ್ಲಿ ಇರಲಿಲ್ಲ. ಹರಿಹರದ ಪಕ್ಕದ ಸಾರಥಿ ಹಳ್ಳಿಗೆ ಮದುವೆಯಾಗಿ ಹೋದವಳು. ಗದ್ದೆ, ಎಮ್ಮೆ, ಮಗ, ಸೊಸೆ ಎಲ್ಲ ಅಲ್ಲಿ. ಆದರೆ ಮಳೆಗಾಲ ಹಿಡಿಯಿತೆಂದರೆ ಅವಳು ಊರಲ್ಲಿ ನಿಲ್ಲುವವಳಲ್ಲ. ಹರಿಹರ ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಬ್ರೆಡ್ಡು ಕಟ್ಟಿಸಿಕೊಂಡು ಒಂದು ದಿನ ಮಲೆಬೆನ್ನೂರು, ಒಂದು ದಿನ ದಾವಣಗೆರೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಮೇಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ. ನನಗೊಮ್ಮೆ ಟೈಫಾಯ್ಡ್ ಬಂದಾಗ ನನ್ನ ಹಾಸಿಗೆಯ ಅಂಚಿಗೆ ಕೂತು, ಬಂದ ಎಲ್ಲರಿಗೂ ನನ್ನ ಪರವಾಗಿ ಅವಳೇ ನರಳಿದಳು. ನನಗೆ ನರಳುವ ಅವಕಾಶವೇ ಸಿಗಲಿಲ್ಲ.

ಭೂಗೋಳದ ಮಾಸ್ತರನಾದ ನಾನು ಅವಳನ್ನು ಛೇಡಿಸದೆ ಬಿಡುತ್ತಿರಲಿಲ್ಲ. ಸೊಳ್ಳೆಗೆ ಒಂದು ಓಣಿ ದಾಟುವಷ್ಟರಲ್ಲಿ ಸುಸ್ತಾಗುತ್ತದೆ, ನೀನಾದರೋ ಒಂದು ತಾಲ್ಲೂಕಿನ ಜ್ವರವನ್ನು ಇನ್ನೊಂದಕ್ಕೆ ಸೀಟು ಕೊಟ್ಟು ಕರೆದುಕೊಂಡು ಬರುತ್ತೀಯಲ್ಲ ಎಂದೆ. ಅಕ್ಕ ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಾ, ನನ್ನ ಮುಖವನ್ನೂ ನೋಡದೆ ಹೇಳಿದಳು: "ಜ್ವರ ಹೆಂಗೂ ಬರ್ತೈತೆ ತಮ್ಮಾ. ಮಂದಿ ಬರಬೇಕಲ್ಲ."

ಆ ಮಾತಿಗೆ ನಾನು ನಕ್ಕಿದ್ದೆ.

ಹೋದ ವರ್ಷ ಮಳೆಗಾಲದಲ್ಲಿ ಕಾಯಿಲೆ ಅವಳಿಗೇ ಬಂತು. ಉಸಿರು ಸಾಲುತ್ತಿರಲಿಲ್ಲ. ಶ್ವಾಸಕೋಶ ಒಳಗೇ ಗಟ್ಟಿಯಾಗುತ್ತಿದೆ ಎಂದರು. ಅದನ್ನು ತಡೆಯಲು ಕೊಡುವ ಮಾತ್ರೆ ಮೈಯ ಕಾವಲನ್ನೇ ಸಡಿಲ ಮಾಡುತ್ತದೆ. ನಮಗೆ ಎರಡು ಸೀನಿನಲ್ಲಿ ಹೋಗುವ ನೆಗಡಿ ಅವಳ ಜೀವಕ್ಕೇ ಬರಬಹುದು. ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಅವಳ ಮಗ ನಮ್ಮ ಮನೆಗೇ ಕರೆತಂದು ಬಿಟ್ಟ. ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. ನಾವು ಹೊರಡುವಾಗ ನನ್ನನ್ನು ಬದಿಗೆ ಕರೆದು, ಊರಲ್ಲೆಲ್ಲ ಜ್ವರ ಇದೆ, ಈ ಸೀಸನ್ ಮುಗಿಯುವವರೆಗೆ ಒಬ್ಬರನ್ನೂ ಒಳಗೆ ಬಿಡಬೇಡಿ, ದೀಪಾವಳಿ ಕಳೆದಮೇಲೆ ಬೇಕಾದರೆ ಒಬ್ಬಿಬ್ಬರು ಮಾಸ್ಕ್ ಹಾಕಿಕೊಂಡು ಬರಲಿ ಎಂದರು.

ಭೂಗೋಳ ಕಲಿತವನಿಗೂ ಹೊಳೆಯದಿದ್ದ ಒಂದು ಸಂಗತಿ ಆಗ ಕಣ್ಣಿಗೆ ಬಿತ್ತು. ನಾಲೆಗೆ ನೀರು ಬಿಟ್ಟು, ನಾಟಿ ಮುಗಿದು, ಕಳೆ ಕಿತ್ತು ಗೊಬ್ಬರ ಚೆಲ್ಲಿದಮೇಲೆ ಭತ್ತ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಸಾರಥಿ, ಮಲೆಬೆನ್ನೂರಿನ ಕಡೆಯ ರೈತರಿಗೆ ವರ್ಷದಲ್ಲಿ ಕೈ ಖಾಲಿಯಾಗುವುದು ಆಗಲೇ. ಜ್ವರ ಏರುವುದೂ ಆಗಲೇ. ಪುರುಸೊತ್ತು ಮತ್ತು ಜ್ವರ ಎರಡೂ ಒಟ್ಟಿಗೆ ಬರುತ್ತವೆ, ಹಾಗಾಗಿ ಮಾತಾಡಿಸುವ ಕಾಲವೇ ಜ್ವರದ ಕಾಲ. ಅಕ್ಕನಿಗೆ ಹುಷಾರಿಲ್ಲ ಎಂಬ ಸುದ್ದಿ ಹಬ್ಬಿದ್ದೇ ತಡ, ಅವಳು ಇಷ್ಟು ವರ್ಷ ಮಾತಾಡಿಸಿ ಬಂದಿದ್ದವರೆಲ್ಲ ಬ್ರೆಡ್ಡು ಹಿಡಿದುಕೊಂಡು ಹೊರಟರು.

ನಾನು ಗೇಟಿನಲ್ಲಿ ನಿಂತೆ. ಬಂದವರಿಗೆ ಪ್ರತಿರೋಧ ಶಕ್ತಿ ಎಂದರೇನು ಎಂದು ವಿವರಿಸಿದೆ. ಅವರು ತಲೆಯಾಡಿಸಿ, ಆತು ಬಿಡ್ರಿ ಮಾಸ್ತರ್ರೇ, ನೋಡಿ ಹೋಗ್ತೀವಿ ಎಂದು ಗೇಟಿನ ಚಿಲಕಕ್ಕೆ ಕೈ ಹಾಕಿದರು. ಇಂಥವರನ್ನು ಗೇಟಿನಾಚೆಯಿಂದ ಹಿಂದಕ್ಕೆ ಕಳಿಸುವುದು ಹುಲಿಯನ್ನು ಓಡಿಸಿದಷ್ಟು ಸುಲಭವಲ್ಲ. ಮಲೆಬೆನ್ನೂರಿನಿಂದ ನಮ್ಮ ಚಿಕ್ಕಪ್ಪನ ಮಗ ರುದ್ರಪ್ಪ ತನ್ನದೇ ಟೆಂಪೋದಲ್ಲಿ ಬಂದ. ಅಕ್ಕ ಎತ್ತಿ ಆಡಿಸಿ ಬೆಳೆಸಿದವನು. ರಸ್ತೆಯಲ್ಲಿ ನಿಂತು ಕಿಟಕಿಯ ಕಡೆ ಮುಖ ಮಾಡಿ, ಹುಷಾರಾಗು ಅಕ್ಕಾ ಎಂದು ಕೂಗಿ, ಬ್ರೆಡ್ಡನ್ನು ಗೇಟಿನ ಮೇಲಿಂದ ನನ್ನ ಕೈಗೆ ಕೊಟ್ಟು ಹೋದ. ಅವನ ಮುಖ ನೋಡಲು ನನಗೆ ಆಗಲಿಲ್ಲ.

ಮನೆಯ ತುಂಬ ಬ್ರೆಡ್ಡು. ಸುಮಂಗಲಾ ಬ್ರೆಡ್ಡಿನ ಉಪ್ಪಿಟ್ಟು ಮಾಡಿದಳು, ಬ್ರೆಡ್ಡಿನ ಚಿತ್ರಾನ್ನ ಮಾಡಿದಳು, ಕೊನೆಗೆ ಓಣಿಯ ನಾಯಿಗಳೂ ನಮ್ಮನ್ನು ಕಂಡರೆ ದೂರ ಸರಿದವು. ಒಳಗಿನ ಕೋಣೆಯಲ್ಲಿ ಅಕ್ಕ ಕಿವಿ ನೆಟ್ಟು ಮಲಗಿರುತ್ತಿದ್ದಳು. ಗೇಟು ಸದ್ದಾದಾಗೆಲ್ಲ ಯಾರು ಬಂದಿದ್ದು ಎಂದು ಕೇಳುವಳು. ಹೆಸರು ಹೇಳಿದರೆ, ಒಳಗೆ ಯಾಕ ಬರಲಿಲ್ಲ ಎನ್ನುವಳು. ದಿನಾ ಅದೇ ಉತ್ತರ ಕೇಳಿ ಕೇಳಿ ಒಂದು ದಿನ, "ನನಗೇನು ಅಮ್ಮ ಬಂದೈತೇನೋ?" ಎಂದಳು. ಅಮ್ಮ ಬಂದ ಮನೆಗೆ ಮಾತ್ರ ಯಾರೂ ಮಾತಾಡಿಸಲು ಹೋಗುವುದಿಲ್ಲ. ಗೇಟಿಗೆ ನಾಲ್ಕು ಎಸಳು ಬೇವು ಕಟ್ಟಿಬಿಟ್ಟರೆ ನಿಮ್ಮ ಭಾಷಣ ತಪ್ಪುತ್ತದೆ, ಜನಕ್ಕೆ ತಾನೇ ತಿಳಿಯುತ್ತದೆ ಎಂದು ಸುಮಂಗಲಾ ನನಗೆ ಉಪಾಯ ಹೇಳಿಕೊಟ್ಟಳು. ಅಕ್ಕ ಒಪ್ಪಲಿಲ್ಲ. ದೇವರ ಹೆಸರಿನಲ್ಲಿ ಸುಳ್ಳಾಡಬಾರದಂತೆ.

ಅವಳಿಗೆ ಬೇಕಿದ್ದುದು ಬಹಳವೇನೂ ಅಲ್ಲ. ಒಂದು ಸಲ, ಒಂದೇ ಸಲ, ತನ್ನವರೆಲ್ಲ ಬಂದು ಹಾಸಿಗೆಯ ಅಂಚಿಗೆ ಕೂತು ತನ್ನನ್ನು ಮಾತಾಡಿಸಿಕೊಂಡು ಹೋಗಬೇಕು. ಇಡೀ ಬಳಗದ ಹಾಸಿಗೆಗಳ ಅಂಚಿಗೆ ಕೂತು ಬಂದವಳು ತನ್ನ ಹಾಸಿಗೆಯ ಸುತ್ತ ಖಾಲಿ ಕುರ್ಚಿ ನೋಡುತ್ತಾ ಮಲಗಿದ್ದಳು. ದೀಪಾವಳಿ ಬರಲಿ ಅಕ್ಕಾ ಎಂದು ನಾನು ಹೇಳುತ್ತಿದ್ದೆ. ಹಬ್ಬಕ್ಕೆ ಕಾಯುವ ಮಕ್ಕಳ ಹಾಗೆ ಅವಳು ದೀಪಾವಳಿಗೆ ಕಾದಳು.

ದೀಪಾವಳಿ ಬಂತು, ಹೋಯಿತು. ಎದುರಿನ ಮೆಟ್ಟಿಲ ಮೇಲಿನ ಚಪ್ಪಲಿಗಳು ತೆಳ್ಳಗಾದವು. ಅಕ್ಕನ ಉಸಿರೂ ಸ್ವಲ್ಪ ಹದಕ್ಕೆ ಬಂತು, ಗೋಡೆ ಹಿಡಿದು ಹಜಾರಕ್ಕೆ ಬಂದು ಕೂರತೊಡಗಿದಳು. ನಾನು ಗೇಟಿನ ಚಿಲಕ ತೆಗೆದಿಟ್ಟೆ. ಯಾರೂ ಬರಲಿಲ್ಲ.

ಬರುವುದಾದರೂ ಹೇಗೆ? ಕೊಯ್ಲು ಶುರುವಾಗಿತ್ತು. ಕೊಯ್ಯುವ ಯಂತ್ರ ಇವತ್ತು ನಮ್ಮ ಗದ್ದೆಗೆ ಬರುತ್ತದೋ ನಾಳೆಯೋ ಎಂದು ಹಳ್ಳಿಗೆ ಹಳ್ಳಿಯೇ ಬದುವಿನ ಮೇಲೆ ಕಾಯುತ್ತಿತ್ತು. ಅದಕ್ಕಿಂತ ದೊಡ್ಡ ಅಡ್ಡಿ ನಮ್ಮ ಆ ಹಳೆಯ ಕಟ್ಟಳೆ. ಗೇಟಿನವರೆಗೆ ಬಂದು ಬ್ರೆಡ್ಡು ಕೊಟ್ಟು ಹೋದವರ ಲೆಕ್ಕದಲ್ಲಿ ಮಾತಾಡಿಸಿದ್ದು ಆಗಿಹೋಗಿತ್ತು. ಇನ್ನೊಮ್ಮೆ ಬಂದರೆ ಅಪಶಕುನ. ನಾನು ಫೋನು ಮಾಡಿ ಬನ್ನಿ ಎಂದರೆ ಇನ್ನೂ ಅಪಶಕುನ. ಮಾಸ್ತರೇ ಕರೆಯುತ್ತಿದ್ದಾರೆಂದರೆ ಹಾಲಮ್ಮನದು ಮುಗಿಯಿತು ಎಂದು ಬಿಳಿ ಪಂಚೆ ಉಟ್ಟುಕೊಂಡೇ ಬಂದಾರು. ಬಾಗಿಲು ತೆರೆದಿತ್ತು, ಕರೆಯುವ ದಾರಿ ಇರಲಿಲ್ಲ. ಇದಕ್ಕೆ ಉಪಾಯ ಏನೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ, ಹಜಾರದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಕ್ಕನೇ ಅದನ್ನು ಬಿಡಿಸಿದಳು.

"ತಮ್ಮಾ, ನಿನಗ ಜ್ವರ ಬಂದೈತೆ ಅಂತ ಹೇಳು."

ನನಗೆ ಮೊದಲು ತಿಳಿಯಲಿಲ್ಲ. ತಿಳಿದಮೇಲೆ ನಗು ತಡೆಯಲಾಗಲಿಲ್ಲ. ಅಕ್ಕನ ಕಾಯಿಲೆಗೆ ಎರಡನೇ ಸಲ ಬರುವಂತಿಲ್ಲ, ನಿಜ. ಆದರೆ ಅದೇ ಮನೆಯಲ್ಲಿ ಬೇರೊಬ್ಬರು ಮಲಗಿದರೆ? ಅದು ಹೊಸ ಕಾಯಿಲೆ. ಅದಕ್ಕೆ ಬರಲೇಬೇಕು. ಬಂದವರು ಅಕ್ಕನನ್ನೂ ಮಾತಾಡಿಸದೆ ಹೋಗುತ್ತಾರೆಯೇ? ಅಮ್ಮನ ಹೆಸರಿನಲ್ಲಿ ಸುಳ್ಳಾಡಬಾರದು ಎಂದವಳು ತಮ್ಮನ ಹೆಸರಿನಲ್ಲಿ ಧಾರಾಳವಾಗಿ ಆಡಬಹುದು ಎಂದು ತೀರ್ಮಾನಿಸಿದ್ದಳು. ಜ್ವರ ಎಂದು ಬಾಯಲ್ಲಿ ಅಂದರೆ ಬಂದೇಬಿಡುತ್ತದೆ ಎಂದು ಸುಮಂಗಲಾ ಗೊಣಗಿದಳು. ನಾನು ವೈಜ್ಞಾನಿಕ ಮನುಷ್ಯನಂತೆ ಅದನ್ನು ತಳ್ಳಿಹಾಕಿ, ಯಾರಿಗೂ ಕಾಣದ ಹಾಗೆ ಮರದ ಬಾಗಿಲನ್ನು ಮುಟ್ಟಿಕೊಂಡೆ.

ಕೊಯ್ಲು ಮುಗಿದು, ಬೇಸಿಗೆ ಬೆಳೆಗೆ ಇನ್ನೂ ನಾಲೆಯ ನೀರು ಬಿಡದ ಸಣ್ಣ ಬಿಡುವಿನಲ್ಲಿ ಸುದ್ದಿ ಹಬ್ಬಿಸಿದೆವು. ಒಂದು ಭಾನುವಾರ ರುದ್ರಪ್ಪನ ಟೆಂಪೋ ತುಂಬಿಕೊಂಡು ಬಂತು. ಒಬ್ಬಿಬ್ಬರು ಎಂದಿದ್ದರು ಡಾಕ್ಟರಮ್ಮ. ಟೆಂಪೋಗೆ ಆ ಲೆಕ್ಕ ಗೊತ್ತಿರಲಿಲ್ಲ. ಸುಮಂಗಲಾ ಗೇಟಿನಲ್ಲೇ ನಿಂತು ಎಲ್ಲರಿಗೂ ಒಂದೊಂದು ಮಾಸ್ಕ್ ಕೊಟ್ಟಳು. ನಾನು ಮಫ್ಲರ್ ಸುತ್ತಿ, ನೀಲಗಿರಿ ಎಣ್ಣೆ ಬಳಿದುಕೊಂಡು, ಹಜಾರದ ದಿವಾನದ ಮೇಲೆ ನರಳುವ ಅಭ್ಯಾಸ ಮಾಡುತ್ತಿದ್ದೆ. ರುದ್ರಪ್ಪ ಹಣೆ ಮುಟ್ಟಿ, ತಣ್ಣಗೈತಲ್ಲ ಅಣ್ಣಾ ಎಂದ. ಈಗಷ್ಟೇ ಬೆವೆತು ಇಳಿಯಿತು ಎಂದು ಸುಮಂಗಲಾ ಸಂಭಾಳಿಸಿದಳು. ಅಲ್ಲಿಗೆ ನನ್ನ ಕಾಯಿಲೆಯ ಮೇಲಿನ ಆಸಕ್ತಿ ಎಲ್ಲರಿಗೂ ಮುಗಿಯಿತು. ಆಚೆ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು, ತಲೆ ಬಾಚಿ, ಹಸಿರು ಸೀರೆ ಉಟ್ಟು. ಎಲ್ಲರೂ ಆ ಕಡೆಗೇ ವಾಲಿದರು. ಜ್ವರ ಇಲ್ಲದಿದ್ದರೂ ನನಗೆ ಸ್ವಲ್ಪ ಹೊಟ್ಟೆಯುರಿಯಾಯಿತು, ಸುಳ್ಳೇಕೆ ಹೇಳಲಿ.

ಅಂಥ ಮಾತನ್ನು ನಮ್ಮ ಮನೆ ಕೇಳಿ ಎಷ್ಟೋ ಕಾಲವಾಗಿತ್ತು. ಯಾರ ಎಮ್ಮೆ ಕರು ಹಾಕಿತು, ಯಾರ ಗದ್ದೆಯಲ್ಲಿ ಎಷ್ಟು ಚೀಲ ಆಯಿತು, ಹೊಳೆಯಲ್ಲಿ ನೀರು ಎಲ್ಲಿಗೆ ಇಳಿಯಿತು. ಅಕ್ಕ ಒಬ್ಬೊಬ್ಬರ ಕೈ ಹಿಡಿದು ಅವರವರ ಹಳೆಯ ಕಾಯಿಲೆಯನ್ನು ನೆನಪು ಮಾಡಿ ವಿಚಾರಿಸಿದಳು. ರೋಗಿ ಯಾರು, ಮಾತಾಡಿಸಲು ಬಂದವರು ಯಾರು ಎಂಬುದೇ ಮರೆತುಹೋಯಿತು. ಅಷ್ಟು ಹೊತ್ತು ಅವಳು ಕೆಮ್ಮಲಿಲ್ಲ. ಅವಳ ಮುಖ ನೋಡುತ್ತಿದ್ದಂತೆ, ಗೇಟಿನಲ್ಲಿ ಕಾವಲು ನಿಂತ ಆ ಎರಡು ತಿಂಗಳ ನನ್ನ ಸಂಕಟವೆಲ್ಲ ಕರಗಿತು.

ಆಮೇಲೆ ಮಂಡಕ್ಕಿ ಬಂತು. ದಾವಣಗೆರೆಯ ಮನೆಗೆ ಬಂದವರಿಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಕೊಡದೆ ಕಳಿಸುವುದುಂಟೇ? ಮಾಸ್ಕ್ ಹಾಕಿಕೊಂಡು ಮಂಡಕ್ಕಿ ತಿನ್ನುವುದನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಮಾಸ್ಕುಗಳೆಲ್ಲ ಗದ್ದಕ್ಕಿಳಿದವು. ಅಕ್ಕನ ಪಕ್ಕದಲ್ಲೇ ಕೂತಿದ್ದ ರುದ್ರಪ್ಪ ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು ನಗಲು ಹೋಗಿ ಕೆಮ್ಮಿದ. ಅಕ್ಕ ಅವನ ನೆತ್ತಿ ತಟ್ಟಿ, ಯಾರೋ ನೆನಸ್ಕೊಂಡ್ರು ನೋಡು ನಿನ್ನ ಎಂದಳು. ಅವನು ನೀರು ಕುಡಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೆಮ್ಮಿದ. ದಿವಾನದ ಮೇಲೆ ಮಲಗಿದ್ದ ನನಗೆ ಆ ಎರಡನೇ ಕೆಮ್ಮು ಕೇಳಿಸಿತು.

ಎದ್ದು ಹೊರಡುವಾಗ ಯಾರೂ ಹೋಗಿ ಬರುತ್ತೇವೆ ಎನ್ನಲಿಲ್ಲ. ಅಕ್ಕ ಬಾಗಿಲವರೆಗೆ ಬಂದು ಏನೋ ಹೇಳಲು ಬಾಯಿ ತೆರೆದವಳು ಕಟ್ಟಳೆ ನೆನಪಾಗಿ ಮುಚ್ಚಿಕೊಂಡಳು. ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ಅವತ್ತು ಸಂಜೆ ತಾನಾಗಿಯೇ ಕೇಳಿ ಒಂದು ರೊಟ್ಟಿ ಹೆಚ್ಚಿಗೆ ತಿಂದಳು. "ಎಲ್ಲಾರೂ ಬಂದಿದ್ರು, ಅಲ್ಲಾ ತಮ್ಮಾ?" ಎಂದಳು. ಬಂದಿದ್ದರು ಎಂದೆ.

ಆ ವಾರ ಕಳೆಯುವುದರೊಳಗೆ ಅವಳಿಗೆ ಜ್ವರ ಬಂತು. ನನ್ನದರಂತೆ ಬಳಿದುಕೊಂಡದ್ದಲ್ಲ. ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಎದೆ ಪರೀಕ್ಷಿಸಿ ಹೊರಗೆ ಬಂದವರು, ಮನೆಗೆ ಯಾರಾದರೂ ಬಂದಿದ್ದರಾ ಎಂದು ಕೇಳಿದರು. ಬಂದಿದ್ದರು ಎಂದೆ.

"ಇವರನ್ನ ನೋಡೋಕಾ?"

"ಅಲ್ಲ, ನನ್ನನ್ನ ನೋಡೋಕೆ."

"ನಿಮಗೇನಾಗಿತ್ತು?"

"ಏನೂ ಆಗಿರಲಿಲ್ಲ."

ನಾನು ವಿವರಿಸಲು ಹೋದೆ. ಒಂದು ಕಾಯಿಲೆಗೆ ಒಂದೇ ಸಲ ಎನ್ನುವ ನಮ್ಮ ಕಟ್ಟಳೆಯನ್ನು ಆಸ್ಪತ್ರೆಯ ಆ ಬಿಳಿ ಬೆಳಕಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಇದು ಬಂದವರಿಂದಲೇ ಆಯಿತೇ ಎಂದು ಕೇಳಿದೆ. ಹೇಳಲಾಗುವುದಿಲ್ಲ, ಈ ಹಂತದಲ್ಲಿ ಚಳಿಗಾಳಿಯೇ ಸಾಕು, ಕಾರಣವಿಲ್ಲದೆಯೂ ಏರಬಹುದು ಎಂದರು. ಸಮಾಧಾನಕ್ಕೆ ಹೇಳಿದರೋ, ನಿಜವೇ ಹೇಳಿದರೋ. ಬೇಸಿಗೆ ನಾಟಿಗೆಂದು ನಾಲೆಗೆ ನೀರು ಬಿಟ್ಟ ವಾರ ಅಕ್ಕ ಹೋದಳು. ತೀವ್ರ ನಿಗಾ ಘಟಕದ ಒಳಗೆ ಯಾರನ್ನೂ ಬಿಡಲಿಲ್ಲ. ಸಾರಥಿಯವರು, ಮಲೆಬೆನ್ನೂರಿನವರು ಕೆಸರು ಕಾಲಿನಲ್ಲೇ ಬಂದು ಕೆಳಗಿನ ಬೇವಿನ ಮರದ ಬುಡದಲ್ಲಿ ಕೂತಿದ್ದರು. ಎರಡನೇ ಸಲ ಬರಬಾರದು ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ.

ಅಂದಿನಿಂದ ನಾನು ಕಟ್ಟೆಯ ಮೇಲೆ ಕೂತು ಯೋಚಿಸುತ್ತೇನೆ. ಗೇಟು ಮುಚ್ಚಿದ್ದಕ್ಕೆ ಮರುಗಬೇಕೋ, ತೆರೆದಿದ್ದಕ್ಕೋ? ಮುಚ್ಚಿಯೇ ಇಟ್ಟಿದ್ದರೆ ಇನ್ನೊಂದು ಮಳೆಗಾಲ ಕಾಣುತ್ತಿದ್ದಳೇನೋ. ಖಾಲಿ ಕುರ್ಚಿಗಳನ್ನು ನೋಡುತ್ತಾ. ಭಾದ್ರಪದದಲ್ಲೇ ತೆರೆದಿದ್ದರೆ ದೀಪಾವಳಿಯನ್ನೂ ಕಾಣುತ್ತಿರಲಿಲ್ಲವೇನೋ. ಆದರೆ ಅಷ್ಟು ದಿನ ಒಂಟಿಯಾಗಿ ಮಲಗುತ್ತಿರಲಿಲ್ಲ. ಕೆಲವು ದಿನ ಒಂದಕ್ಕೆ ಮರುಗುತ್ತೇನೆ, ಕೆಲವು ದಿನ ಇನ್ನೊಂದಕ್ಕೆ. ಮರುಕಕ್ಕೂ ಏರಿಳಿತ ಉಂಟು. ಇಳಿದುಹೋಯಿತು ಎಂದುಕೊಂಡಾಗ ಯಾರೋ ಬ್ರೆಡ್ಡಿನ ಪೊಟ್ಟಣ ಹಿಡಿದು ರಸ್ತೆಯಲ್ಲಿ ಹೋಗುತ್ತಾರೆ, ಮತ್ತೆ ಏರುತ್ತದೆ. ರುದ್ರಪ್ಪನ ಆ ಎರಡನೇ ಕೆಮ್ಮು ಮಂಡಕ್ಕಿಯದೋ ಬೇರೆಯದೋ, ನನಗೆ ಗೊತ್ತಿಲ್ಲ. ಅವನನ್ನು ಕೇಳಿಲ್ಲ, ಕೇಳುವುದೂ ಇಲ್ಲ.

ಈಗ ಮತ್ತೆ ಭಾದ್ರಪದ. ಎದುರಿನ ಚಪ್ಪಲಿಗಳು ರಸ್ತೆಗಿಳಿದಿವೆ. ಸುಮಂಗಲಾ ಹೇಳಿದ್ದ ಹಾಗೆಯೇ, ಬಾಯಲ್ಲಿ ಅಂದ ಜ್ವರ ತಡವಾಗಿಯಾದರೂ ಬಂದು ನನ್ನನ್ನು ಮಲಗಿಸಿತು. ಈ ಸಲ ಹಣೆ ನಿಜವಾಗಿಯೂ ಸುಡುತ್ತಿತ್ತು. ಸುದ್ದಿಯನ್ನು ಯಾರಿಗೂ ಹೇಳಬೇಡ ಎಂದಿದ್ದೆ, ಆದರೆ ನಮ್ಮ ಬಳಗದಲ್ಲಿ ಸುದ್ದಿ ಹರಡಲು ಸೊಳ್ಳೆ ಬೇಕಾಗಿಲ್ಲ. ನಿನ್ನೆ ಮಧ್ಯಾಹ್ನ ಗೇಟು ಸದ್ದಾಯಿತು. ರುದ್ರಪ್ಪ. ಕೈಯಲ್ಲಿ ಬ್ರೆಡ್ಡು, ಬಾಳೆಹಣ್ಣು. ಗೇಟಿನಾಚೆಯೇ ನಿಂತು, ಜೇಬಿನಿಂದ ಮಾಸ್ಕ್ ತೆಗೆದು ಹಾಕಿಕೊಂಡು, ಒಳಗ ಬರಬೌದಾ ಅಣ್ಣಾ, ಇಲ್ಲೇ ನಿಂತ್ಕೊಳ್ಳಾ ಎಂದು ಕೇಳಿದ. ನಾವೇ ಕಲಿಸಿದ ಪಾಠ. ಒಳಗೆ ಬಾ ಎಂದೆ.

ಬಂದು ಹಾಸಿಗೆಯ ಅಂಚಿಗೆ ಕೂತ. ಹಣೆ ಮುಟ್ಟಿದ. ಭತ್ತದ ವಿಷಯ, ಮಳೆಯ ವಿಷಯ ಆಯಿತು. ಅಕ್ಕ ಕೂರುತ್ತಿದ್ದ ಕುರ್ಚಿಯ ಕಡೆ ಇಬ್ಬರೂ ನೋಡದೆ ಬಹಳ ಹೊತ್ತು ಮಾತಾಡಿದೆವು. ಕೊನೆಗೆ ಅವನೇ ಆ ಕಡೆ ನೋಡಿದ.

"ಅವತ್ತು ನಿನಗ ಜ್ವರ ಬಂದಿದ್ದು ಚಲೋ ಆತು ಅಣ್ಣಾ. ಇಲ್ಲಾಂದ್ರೆ ಅಕ್ಕನ್ನ ಮಾತಾಡಿಸಾಕ ಆಗ್ತಿರಲಿಲ್ಲ ನಮಗೆ."

ಹೂಂ, ಚಲೋ ಆತು ಎಂದೆ. ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡೆ, ಜ್ವರ ಇದ್ದದ್ದು ಅನುಕೂಲವಾಯಿತು.

ಅವನು ಎದ್ದ. ಹುಷಾರು ಅಣ್ಣಾ ಎಂದ, ಅದಕ್ಕಿಂತ ಹೆಚ್ಚು ಹೇಳಲಿಲ್ಲ, ಕಟ್ಟಳೆ ಬಲ್ಲವನು. ಚಪ್ಪಲಿ ಮೆಟ್ಟಿ ಗೇಟಿನ ಚಿಲಕಕ್ಕೆ ಕೈ ಹಾಕಿದ್ದ. ನಾನು ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದೆ.

"ಮತ್ತೆ ಬಾರೋ ರುದ್ರಾ" ಎಂದೆ.